ಫ್ಯಾಕ್ಸಿಗೆ ಕಟ್ಟಿದ ಬಟ್ಟೆ ಹಗ್ಗ

ಮೊನ್ನೆ ಭಾನುವಾರ ನನ್ನ ಬಿಳಿ ಕೋಟನ್ನು ಒಗೆಯಲು ತೆಗೆದುಕೊಂಡ ಹೆಂಡತಿ, ಅದರ ಜೇಬಿನಿಂದ ಒಂದು ಕೆಂಪು ಪ್ಲಾಸ್ಟಿಕ್ ಕ್ಲಿಪ್ಪನ್ನು ಹೊರಗೆಳೆದು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದಳು. ಒಗೆದ ಬಟ್ಟೆ ಹಾರಿಹೋಗದಂತೆ ಹಗ್ಗಕ್ಕೆ ಸಿಕ್ಕಿಸುತ್ತೇವಲ್ಲ, ಅದೇ ಕ್ಲಿಪ್ಪು. "ಬೇರೆ ಡಾಕ್ಟರ ಜೇಬಲ್ಲಿ ಪೆನ್ನೋ ಥರ್ಮಾಮೀಟರೋ ಇರ್ತದೆ. ನಿಮ್ಮ ಜೇಬಲ್ಲಿ ಇದು. ನಾಳೆ ಇಸ್ತ್ರಿಪೆಟ್ಟಿಗೆ ಸಿಕ್ಕಿದ್ರೂ ನಾನು ಆಶ್ಚರ್ಯಪಡಲ್ಲ ಬಿಡಿ" ಎಂದಳು. ಆಮೇಲೆ ಕ್ಲಿಪ್ಪಿಗೆ ಅಂಟಿಸಿದ್ದ ಪ್ಲಾಸ್ಟರಿನ ತುಂಡಿನ ಮೇಲೆ 'ಕಮಲ' ಎಂದು ಬರೆದದ್ದು ಅವಳ ಕಣ್ಣಿಗೆ ಬಿತ್ತು. "ಯಾರಿವಳು?" ಎಂಬ ಪ್ರಶ್ನೆಯ ಧಾಟಿಯೇ ಬೇರೆಯಾಗಿತ್ತು.

ಹೆಂಡತಿಗೆ ಹೇಳಿದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಕಮಲ ನನ್ನ ರೋಗಿ. ಅದು ಅವಳ ನಿಜವಾದ ಹೆಸರೂ ಅಲ್ಲ, ಕ್ಲಿಪ್ಪಿನ ಮೇಲಿದ್ದ ಹೆಸರನ್ನೂ ಇಲ್ಲಿ ಬದಲಿಸಿದ್ದೇನೆ; ಬರೆಯಲೇ ಅಂತ ಕೇಳಿದಾಗ "ಬರ್ಕಳಿ ಡಾಕ್ಟ್ರೇ, ಹೆಸ್ರು ಮಾತ್ರ ಬ್ಯಾರೆ ಹಾಕಿ" ಎಂದು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಹೆಸರೊಂದು ಬಿಟ್ಟರೆ ಉಳಿದದ್ದೆಲ್ಲ, ನನ್ನ ಪೆದ್ದುತನವೂ ಸೇರಿದಂತೆ, ನಡೆದದ್ದು ನಡೆದ ಹಾಗೇ ಇದೆ.

ಸಕಲೇಶಪುರದಲ್ಲಿ ನನ್ನದು ಎರಡು ಕೋಣೆಯ ಕ್ಲಿನಿಕ್ಕು. ಒಳಗಿನ ಕೋಣೆ ನನ್ನದು, ಹೊರಗಿನದು ಜೈಬುನ್ನಕ್ಕನದು. ಚೀಟಿ ಬರೆಯುವುದು, ಇಂಜೆಕ್ಷನ್ ಕೊಡುವುದು, ಅಳುವ ಮಕ್ಕಳನ್ನು ಗದರುವುದು, ಗದರಿದ್ದಕ್ಕೆ ಸಿಟ್ಟಾದ ತಾಯಂದಿರನ್ನು ಸಮಾಧಾನ ಮಾಡುವುದು, ಎಲ್ಲ ಅವರದೇ. ನನಗಿಂತ ಆರು ವರ್ಷ ದೊಡ್ಡವರು. ಹೊರಗೆ ಅವರು ಅರ್ಧ ವಾಸಿಮಾಡಿ ಕಳಿಸಿದವರನ್ನು ಒಳಗೆ ನಾನು ಪೂರ್ತಿ ವಾಸಿ ಮಾಡುತ್ತೇನೆ ಎಂದು ಊರಲ್ಲಿ ಮಾತಿದೆ. ಈ ಮಾತನ್ನು ಹಬ್ಬಿಸಿದವರು ಯಾರೆಂದು ನನಗೆ ಗೊತ್ತಿದೆ, ಆದರೆ ಅವರ ಮೇಲೆ ಕ್ರಮ ಕೈಗೊಳ್ಳುವ ಧೈರ್ಯ ನನಗಿಲ್ಲ.

ನಮ್ಮಲ್ಲಿ ಆಗದ ಪರೀಕ್ಷೆಗಳಿಗೆ ಸ್ಯಾಂಪಲ್ಲುಗಳನ್ನು ಮಂಗಳೂರಿಗೆ ಕಳಿಸುತ್ತೇವೆ. ಬಸ್ಸಿನಲ್ಲಿ ಹೋಗುತ್ತವೆ. ವರದಿಯೂ ಬಸ್ಸಿನಲ್ಲೇ ಬರಬಹುದಿತ್ತು. ಆದರೆ ಮಾರನಹಳ್ಳಿಯ ಆಚೆ ಗುಡ್ಡ ಜರಿದು ಘಾಟಿ ಬಂದ್ ಆಯಿತೆಂದರೆ ಬಸ್ಸೂ ಇಲ್ಲ, ವರದಿಯೂ ಇಲ್ಲ. ಹಾಗಾಗಿ ಫ್ಯಾಕ್ಸು. ಈಗಿನ ಕಾಲದಲ್ಲಿ ಫ್ಯಾಕ್ಸೇ ಎಂದು ನೀವು ನಗಬಹುದು. ನಾವು ಕಳಿಸುವ ಆ ಲ್ಯಾಬಿನ ಹಿರಿಯರೊಬ್ಬರಿದ್ದಾರೆ, ಸೂಕ್ಷ್ಮದರ್ಶಕದ ಮುಂದೆ ಕೂದಲು ನೆರೆಸಿಕೊಂಡವರು. ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸಿದ್ದು ಮದುವೆಗೆ ಸರಿ, ವರದಿಗಲ್ಲ ಎಂಬುದು ಅವರ ಸಿದ್ಧಾಂತ. ಸಹಿ ಮಾಡಿದ ಕಾಗದ ಫ್ಯಾಕ್ಸಿನಲ್ಲೇ ಹೋಗಬೇಕು. ಅವರ ಕಣ್ಣು ಅಷ್ಟು ಚೆನ್ನಾಗಿರುವುದರಿಂದ ಅವರ ಹಟವನ್ನು ನಾವು ಸಹಿಸಿಕೊಂಡಿದ್ದೇವೆ.

ಫ್ಯಾಕ್ಸ್ ಯಂತ್ರ ಇದ್ದ ಕಾಲದಲ್ಲಿ ಅದು ಕಿರ್ರೋ ಎಂದು ಕಿರುಚಿದರೆ ಬೆಂಚಿನ ಮೇಲೆ ಕೂತ ರೋಗಿಗಳೆಲ್ಲ ಎದ್ದು ನಿಲ್ಲುತ್ತಿದ್ದರು. ಯಾರದೋ ಹಣೆಬರಹ ಹೊರಗೆ ಬರುತ್ತಿದೆ ಎಂಬ ಗೌರವ. ಸುರುಳಿ ಸುತ್ತಿಕೊಂಡೇ ಬರುತ್ತಿದ್ದ ಆ ನುಣುಪು ಕಾಗದದ ಮೇಲಿನ ಅಕ್ಷರ ಆರು ತಿಂಗಳಲ್ಲಿ ಮಾಸಿಹೋಗುತ್ತಿತ್ತು. ನಮ್ಮೂರಿನ ಒಬ್ಬ ಹಿರಿಯರು ತಮ್ಮ ಸಕ್ಕರೆ ಕಾಯಿಲೆಯ ವರದಿ ತೆಗೆದು ನೋಡಿದಾಗ ಕಾಗದ ಖಾಲಿ ಇದ್ದದ್ದರಿಂದ ಕಾಯಿಲೆ ವಾಸಿಯಾಯಿತೆಂದು ತೀರ್ಮಾನಿಸಿ, ಎರಡು ಹೋಳಿಗೆ ಹೆಚ್ಚಿಗೆ ತಿಂದು ನನ್ನ ಬಳಿ ಬಂದಿದ್ದರು.

ಈ ಫ್ಯಾಕ್ಸಿಗೆ ಜೈಬುನ್ನಕ್ಕ ಒಂದು ವ್ಯವಸ್ಥೆ ಮಾಡಿದ್ದರು. ಕಿಟಕಿಯ ಸರಳಿನಿಂದ ಕ್ಯಾಲೆಂಡರಿನ ಮೊಳೆಯವರೆಗೆ ಒಂದು ನೈಲಾನ್ ಹಗ್ಗ. ಮಂಗಳೂರಿಗೆ ಸ್ಯಾಂಪಲ್ ಹೋದ ಕೂಡಲೇ ರೋಗಿಯ ಹೆಸರು ಬರೆದ ಪ್ಲಾಸ್ಟರು ಅಂಟಿಸಿ ಒಂದು ಕ್ಲಿಪ್ಪನ್ನು ಹಗ್ಗಕ್ಕೆ ಸಿಕ್ಕಿಸುವುದು. ಸಾಧಾರಣ ಪರೀಕ್ಷೆಗೆ ನೀಲಿ, ಗಂಟುಗಡ್ಡೆಯದಾದರೆ ಕೆಂಪು. ಫ್ಯಾಕ್ಸು ಬಂದರೆ ಅದೇ ಕ್ಲಿಪ್ಪಿಗೆ ಆ ಕಾಗದ. ನಾನು ನೋಡಿ, ರೋಗಿಗೆ ಹೇಳಿ ಆದಮೇಲೇ ಕ್ಲಿಪ್ಪು ಕೆಳಗಿಳಿಯಬೇಕು. ಈ ಬುದ್ಧಿ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದ್ದೆ. ಅವರ ಯಜಮಾನರು ಕಾಫಿ ಲಾರಿ ಓಡಿಸುವವರು. "ನಮ್ಮನೆಯವ್ರು ಘಾಟಿ ಇಳ್ದ್ರೆ ಅವ್ರ ಟವೆಲ್ಲಿನ ಕ್ಲಿಪ್ಪು ಹಗ್ಗದಲ್ಲಿ ಖಾಲಿ ಇರ್ತೈತೆ ಡಾಕ್ಟ್ರೇ. ಅದಕ್ಕೆ ನಾನು ಬ್ಯಾರೆ ಬಟ್ಟೆ ಹಾಕಲ್ಲ. ಅವ್ರು ಬಂದು ಮುಖ ತೊಳ್ದು ಟವೆಲ್ ಹಾಕಿದ್ಮೇಲೇ ನಂಗೆ ಉಸ್ರು ಬರೋದು" ಎಂದಿದ್ದರು. ನಾನು ನಕ್ಕಿದ್ದೆ.

ನಗಬಾರದಿತ್ತು, ಏಕೆಂದರೆ ಇಂಥ ಮನುಷ್ಯನ ಮಗನೇ ನಾನು. ನಮ್ಮಪ್ಪ ಎಡಕುಮೇರಿಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದರು. ಸ್ಟೇಷನ್ ಎಂದರೆ ಸುತ್ತ ಕಾಡು, ನಡುವೆ ಎರಡು ಹಳಿ, ಒಂದು ಗಂಟೆ, ಒಂದು ಟೆಲಿಫೋನು. ಹತ್ತುವವರೂ ಇಲ್ಲ, ಇಳಿಯುವವರೂ ಇಲ್ಲ. ಆನೆಗಳು ಮಾತ್ರ ಆಗಾಗ ಪ್ಲಾಟ್‌ಫಾರಂ ಟಿಕೆಟ್ ಇಲ್ಲದೆ ಅಡ್ಡಾಡುತ್ತಿದ್ದವು. ಶಾಲೆಗೆ ರಜೆ ಬಂದರೆ ನಾನು ಗೂಡ್ಸ್ ಗಾಡಿಯ ಗಾರ್ಡಿನ ಡಬ್ಬಿಯಲ್ಲಿ ಅಮ್ಮ ಕಟ್ಟಿಕೊಟ್ಟ ತರಕಾರಿ ಚೀಲದ ಜೊತೆ ಅಲ್ಲಿಗೆ ಹೋಗುತ್ತಿದ್ದೆ. ಯಾವುದು ಹೆಚ್ಚು ಬಾಡಿದೆ, ಬದನೆಕಾಯಿಯೋ ಮಗನೋ ಎಂದು ಅಪ್ಪ ಇಬ್ಬರನ್ನೂ ಹಿಸುಕಿ ನೋಡುತ್ತಿದ್ದರು.

ಒಂಟಿ ಹಳಿಯ ದಾರಿ ಅದು. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಒಂದು ಲೋಹದ ಚೆಂಡು, ಅದಕ್ಕೆ ಟೋಕನ್ ಎಂದು ಹೆಸರು. ಅದು ಕೈಗೆ ಸಿಗದೆ ಡ್ರೈವರು ಗಾಡಿ ಬಿಡುವಂತಿಲ್ಲ. ಆ ಗಾಡಿ ಮುಂದಿನ ಸ್ಟೇಷನ್ ಮುಟ್ಟಿ, ಚೆಂಡು ಅಲ್ಲಿನ ಪೆಟ್ಟಿಗೆಗೆ ಬೀಳುವವರೆಗೆ ಇನ್ನೊಂದು ಗಾಡಿ ಹೊರಡುವಂತಿಲ್ಲ. ಗಾಡಿ ಹೊರಟಮೇಲೆ ಅಪ್ಪ ಕೂರುತ್ತಿರಲಿಲ್ಲ. ಅನ್ನ ಆರಿಹೋದರೂ ಸರಿ, ಫೋನಿನ ಪಕ್ಕ ನಿಂತೇ ಇರುತ್ತಿದ್ದರು. ಆಚೆಯಿಂದ "ಗಾಡಿ ಬಂತು" ಎಂದ ಮೇಲೆ ಕೈತೊಳೆಯುವುದು. "ಗಾಡಿ ಹೋಗಾಯ್ತಲ್ಲಪ್ಪ, ಬಾ ಊಟಕ್ಕೆ" ಎಂದು ನಾನು ರಾಗ ತೆಗೆದರೆ, "ಬಂದ ಗಾಡಿ ದಾರೀಲಿ ಹೋಗೋ ದಾಸಯ್ಯನಿಗೂ ಕಾಣ್ತದೆ ಕಣೋ. ಬರಬೇಕಾದ್ದು ಬಂದಿಲ್ಲ ಅನ್ನೋದನ್ನ ನೋಡೋಕೇ ನಂಗೆ ಸಂಬಳ" ಎನ್ನುತ್ತಿದ್ದರು. ಹಸಿದ ಹೊಟ್ಟೆಯಲ್ಲಿ ಕೇಳಿದ ಮಾತು ತಲೆಗೆ ಹತ್ತುವುದಿಲ್ಲ. ನನಗೆ ಅದು ಹತ್ತಲು ನಲವತ್ತು ವರ್ಷ ಹಿಡಿಯಿತು.

ಇರಲಿ, ಫ್ಯಾಕ್ಸಿಗೆ ಬರೋಣ. ನಮ್ಮ ಯಂತ್ರದೊಳಗೆ ಇರುವೆಗಳು ಸಂಸಾರ ಹೂಡಿ, ಅದು ಒಂದು ದಿನ ಕಿರುಚುವುದನ್ನು ಶಾಶ್ವತವಾಗಿ ನಿಲ್ಲಿಸಿತು. ಫ್ಯಾಕ್ಸು ಇನ್ನು ನೇರ ಕಂಪ್ಯೂಟರಿಗೇ ಬರಲಿ ಎಂದು ನಾನು ನಿರ್ಧರಿಸಿದೆ. ಅಂಥ ಏರ್ಪಾಡು ಸಿಗುತ್ತದೆ. ಆ ಕಡೆಯವರು ಎಂದಿನಂತೆ ಫ್ಯಾಕ್ಸ್ ಮಾಡುತ್ತಾರೆ, ಈ ಕಡೆ ಅದು ಚಿತ್ರವಾಗಿ ಪರದೆಯ ಮೇಲೆ ಬರುತ್ತದೆ. ಯಾರ ಸಹಾಯವೂ ಇಲ್ಲದೆ ಮೂರು ಭಾನುವಾರ ಕೂತು ಎಲ್ಲವನ್ನೂ ನಾನೇ ಹೊಂದಿಸಿದೆ. ಇದರಲ್ಲಿ ಒಂದು ಚಮತ್ಕಾರವಿತ್ತು. ವರದಿಯ ತಲೆಯಲ್ಲಿ ಅಚ್ಚಾಗಿರುವ ರೋಗಿಯ ಫೋನ್ ನಂಬರನ್ನು ಕಂಪ್ಯೂಟರು ತಾನೇ ಓದಿ, ಆ ನಂಬರಿನ ರೋಗಿಯ ಕಡತಕ್ಕೆ ವರದಿಯನ್ನು ತಾನೇ ಸೇರಿಸುತ್ತದೆ. ಯಾರದೆಂದು ತಿಳಿಯದ್ದು ಮಾತ್ರ 'ಹೊಸದು' ಎಂಬ ಪೆಟ್ಟಿಗೆಯಲ್ಲಿ ನಿಲ್ಲುತ್ತದೆ. ಕಡತ ಸೇರಿದ್ದನ್ನು ಕಂಪ್ಯೂಟರು ಮುಗಿದ ಕೆಲಸವೆಂದು ತಿಳಿಯುತ್ತಿತ್ತು, ನಾನೂ ಹಾಗೇ ತಿಳಿದೆ. ದಿನಾ ಬೆಳಿಗ್ಗೆ ಅಲ್ಲಿ 'ಹೊಸದು: ೦' ಎಂದು ಕಂಡರೆ ನನಗೆ ಎಂಥ ಸಂತೋಷ! ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಸಿಕ್ಕ ಸಿಕ್ಕವರನ್ನು ಕೂರಿಸಿಕೊಂಡು ನನ್ನ ಸೊನ್ನೆಯನ್ನು ತೋರಿಸಿದೆ.

ಹಗ್ಗವನ್ನು ಬಿಚ್ಚಿಸಿದ್ದೂ ನಾನೇ. "ಇದೇನು ಆಸ್ಪತ್ರೆಯೋ ಬಚ್ಚಲುಮನೆ ಹಿತ್ತಲೋ? ತೆಗೀರಿ ಜೈಬುನ್ನಕ್ಕ" ಎಂದೆ. ಅವರು ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚಿ ಹಳೇ ಬಿಸ್ಕತ್ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದರು. ಮುಚ್ಚಳ ಒತ್ತಿದ ರೀತಿಯಲ್ಲೇ ಅವರ ಅಭಿಪ್ರಾಯ ಇತ್ತು. ಹಗ್ಗ ಇದ್ದ ಜಾಗದಲ್ಲಿ ನಾನು ಒಂದು ಜಲಪಾತದ ಚಿತ್ರ ತೂಗುಹಾಕಿದೆ.

ಕಮಲ ಬಂದದ್ದು ಅದಾದ ಎರಡು ತಿಂಗಳಿಗೆ. ದೋಣಿಗಲ್ ಕಡೆಯ ಒಂದು ಎಸ್ಟೇಟಿನ ಆಳುಗಳ ಸಾಲುಮನೆ, ಅಂದರೆ ಲೈನ್‌ಮನೆಯಲ್ಲಿರುವವಳು. ನರ್ಸರಿಯಲ್ಲಿ ಕಾಫಿ ಸಸಿ ನೋಡಿಕೊಳ್ಳುವ ಕೆಲಸ. ವಯಸ್ಸು ನಲವತ್ತರ ಆಚೀಚೆ. ಎಡ ಎದೆಯಲ್ಲಿ ಗೋಲಿಯಷ್ಟು ಗಂಟು. ಕೈಯಿಟ್ಟು ನೋಡಿದಾಗಲೇ ನನಗೆ ಅದರ ಮೇಲೆ ವಿಶ್ವಾಸ ಬರಲಿಲ್ಲ. ಸೂಜಿ ಹಾಕಿ ಗಂಟಿನ ಕೋಶ ತೆಗೆದು ಗಾಜಿನ ಪಟ್ಟಿಗೆ ಸವರಿ ಮಂಗಳೂರಿಗೆ ಕಳಿಸಿದೆವು. ಹೊರಡುವ ಮುಂಚೆ ಅವಳು ಬಾಗಿಲಲ್ಲಿ ನಿಂತು, "ಡಾಕ್ಟ್ರೇ, ಒಳ್ಳೇದೋ ಕೆಟ್ಟದೋ ಬ್ಯಾಗ ಹೇಳ್ಬುಡಿ. ಕೆಟ್ಟದಾದ್ರೆ ತಡ ಮಾಡಕ್ಕೆ ನಂಗೆ ಆಗಾಕಿಲ್ಲ. ನಮ್ಮವ್ವ ತಡ ಮಾಡಿಯೇ ಹೋಗಿದ್ದು" ಎಂದಳು.

"ವರದಿ ಬಂದ ದಿನವೇ ನಾನೇ ಫೋನ್ ಮಾಡಿಸ್ತೀನಿ. ಫೋನ್ ಬರೋವರೆಗೂ ನೆಮ್ಮದಿಯಾಗಿರಿ" ಎಂದೆ. ಎಷ್ಟು ಸಲೀಸಾಗಿ ಹೇಳಿಬಿಟ್ಟೆ! ನನ್ನ ಹಿಂದೆ ಪರದೆಯ ಮೇಲೆ ಸೊನ್ನೆ ಹೊಳೆಯುತ್ತಿತ್ತು.

ಆಮೇಲೆ ದಿನಗಳು ಹೋದವು. "ಕಮಲಂದು ಬಂತಾ ಡಾಕ್ಟ್ರೇ?" ಎಂದು ಜೈಬುನ್ನಕ್ಕ ಒಮ್ಮೆ ಕೇಳಿದರು. ಸೊನ್ನೆ ತೋರಿಸಿದೆ. ನಾಲ್ಕು ದಿನ ಬಿಟ್ಟು ಮತ್ತೆ ಕೇಳಿದರು. ಮತ್ತೆ ಸೊನ್ನೆ ತೋರಿಸಿ, "ಬಂದ್ರೆ ಅದೇ ಹೇಳ್ತದೆ, ನೀವ್ಯಾಕೆ ತಲೆ ಕೆಡಿಸ್ಕೋತೀರಿ" ಎಂದೆ. ಮೂರನೇ ಸಲ ಅವರು ಕೇಳಲು ಬರಲಿಲ್ಲ. ತಮ್ಮ ಬುತ್ತಿ ಚೀಲ ತಂದು ನನ್ನ ಮೇಜಿನ ಮೇಲಿಟ್ಟರು. ಅದರ ಹಿಡಿಗೆ ಒಂದು ಕೆಂಪು ಕ್ಲಿಪ್ಪು ಕಚ್ಚಿಕೊಂಡಿತ್ತು.

"ಹಗ್ಗ ಬಿಚ್ಚಿ ಅಂದ್ರಿ, ಬಿಚ್ಚಿದೆ. ಕಮಲಂದು ಕಳ್ಸಿದ ದಿನ ಇದೊಂದ್ನ ಮಾತ್ರ ಡಬ್ಬದಿಂದ ತೆಗ್ದು ನನ್ನ ಚೀಲಕ್ಕೆ ಹಾಕ್ಕಂಡಿದ್ದೆ. ದಿನಾ ಮನೆಗೆ ಹೋಗೋವಾಗ ಕೈಗೆ ಚುಚ್ತೈತೆ. ನಂಗೆ ಇನ್ನ ತಡ್ಕಳಕ್ಕೆ ಆಗ್ಲಿಲ್ಲ. ಈಗ ಮಂಗ್ಳೂರಿಗೆ ಫೋನ್ ಮಾಡಿದ್ದೆ" ಎಂದರು. ಅವರ ದನಿ ತಗ್ಗಿತ್ತು. "ಅವ್ರು ಕಳ್ಸಿ ಹನ್ನೆರಡು ದಿನ ಆಯ್ತಂತೆ ಡಾಕ್ಟ್ರೇ."

ಸಾಧ್ಯವೇ ಇಲ್ಲ ಎಂದೆ, ಅವರು ಬೇರೆ ನಂಬರಿಗೆ ಕಳಿಸಿರಬೇಕು ಎಂದೆ, ಲೈನು ಸರಿ ಇರಲಿಲ್ಲವೇನೋ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜೈಬುನ್ನಕ್ಕ, "ಕಮಲ ಯಾವ ನಂಬ್ರು ಕೊಟ್ಟಿದ್ಲು, ಅದ್ನ ನೋಡಿ" ಎಂದರು.

ನೋಡಿದೆ. ಕಮಲ ಕೊಟ್ಟದ್ದು ಎಸ್ಟೇಟಿನ ರೈಟರ್ ರುದ್ರಪ್ಪನ ನಂಬರು. ಹಾಜರಿ ಹಿಡಿಯುವ, ಲೆಕ್ಕ ಬರೆಯುವ, ಆಳುಗಳಿಗೂ ಹೊರಲೋಕಕ್ಕೂ ನಡುವೆ ಇರುವ ಮನುಷ್ಯ. ಲೈನ್‌ಮನೆಗಳಲ್ಲಿ ಮೊಬೈಲಿದ್ದರೂ ಸಿಗ್ನಲ್ ಇಲ್ಲ. ಸಿಗ್ನಲ್ ಇರುವುದು ಗುಡ್ಡದ ಮೇಲೆ, ಸ್ಟೋರ್ ಪಕ್ಕದ ರೈಟರ ಆಫೀಸಿನಲ್ಲಿ ಮಾತ್ರ. ಅದಕ್ಕೇ ಶಾಲೆಯಲ್ಲಿ, ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಯಾರು ಕೇಳಿದರೂ ಇಡೀ ಎಸ್ಟೇಟು ಹೇಳುವುದು ಅದೊಂದೇ ನಂಬರು. ಇಲ್ಲಿ ಬೆಳೆದು ಇಲ್ಲೇ ಇಷ್ಟು ವರ್ಷ ನಾಡಿ ಹಿಡಿದ ನನಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕಂಪ್ಯೂಟರಿಗೆ ಹೇಳುವುದನ್ನು ಮರೆತಿದ್ದೆ. ಆ ನಂಬರಿನಲ್ಲಿ ಮೊದಲು ದಾಖಲಾದವನು ಬಿ.ಪಿ. ತೋರಿಸಲು ಬರುತ್ತಿದ್ದ ರುದ್ರಪ್ಪ. ಹಾಗಾಗಿ ಆ ಎಸ್ಟೇಟಿನ ಎಲ್ಲರ ವರದಿಯೂ ಅಚ್ಚುಕಟ್ಟಾಗಿ ರುದ್ರಪ್ಪನ ಕಡತಕ್ಕೆ ಹೋಗಿ ಕೂತಿತ್ತು.

ಕಡತ ತೆರೆದೆ. ನನ್ನ ಕಂಪ್ಯೂಟರಿನ ಪ್ರಕಾರ, ಐವತ್ತೈದು ವರ್ಷದ, ದಪ್ಪ ಮೀಸೆಯ ರೈಟರ್ ರುದ್ರಪ್ಪನಿಗೆ ರಕ್ತಹೀನತೆ ಇತ್ತು, ಥೈರಾಯ್ಡ್ ಇತ್ತು, ಮೂರು ರಕ್ತದ ಗುಂಪುಗಳಿದ್ದವು. ಅದೂ ಸಾಲದೆಂದು ಆತ ಬಸುರಿಯೂ ಆಗಿದ್ದ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಆ ಬಸುರಿನ ಕೆಳಗಿನ ಪುಟದಲ್ಲಿ ಕಮಲಳ ವರದಿ ಇತ್ತು. ಕ್ಯಾನ್ಸರ್ ಕೋಶಗಳು ಕಂಡಿವೆ, ತಡಮಾಡದೆ ಶಸ್ತ್ರಚಿಕಿತ್ಸೆಗೆ ಕಳಿಸಿ ಎಂದು ಆ ಹಿರಿಯರು ಬರೆದು, ತಡಮಾಡದೆ ಎಂಬುದರ ಕೆಳಗೆ ಕೈಯಿಂದ ಗೆರೆ ಎಳೆದಿದ್ದರು. ಗೆರೆ ಎಳೆದು ಹನ್ನೆರಡು ದಿನವಾಗಿತ್ತು.

ಫೋನ್ ಮಾಡುವಂತಿರಲಿಲ್ಲ. ರುದ್ರಪ್ಪನಿಗೆ ಫೋನ್ ಮಾಡಿ ಕಮಲಳನ್ನು ಅರ್ಜೆಂಟು ಕಳಿಸಿ ಎಂದರೆ ಸಂಜೆಯೊಳಗೆ ಇಡೀ ಲೈನಿಗೆ ಸುದ್ದಿ. ಮಧ್ಯಾಹ್ನದ ರೋಗಿಗಳಿಗೆ ಕೈಮುಗಿದು, ಜೈಬುನ್ನಕ್ಕನನ್ನು ಕೂರಿಸಿಕೊಂಡು ಕಾರಿನಲ್ಲಿ ನಾನೇ ಹೊರಟೆ. ದಾರಿಯುದ್ದಕ್ಕೂ ಅವರು ಆ ಕ್ಲಿಪ್ಪನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಆ ದಿನ ನನಗಾದ ನಾಚಿಕೆ ಈಗ ಬರೆಯುವಾಗಲೂ ಆರಿಲ್ಲ.

ರುದ್ರಪ್ಪ ಆಫೀಸಿನಿಂದ ಓಡಿಬಂದ. "ಏನ್ ಸಾರ್ ಇದು, ನೀವೇ ಬಂದ್ಬುಟ್ರಲ್ಲ! ಹೇಳಿ ಕಳ್ಸಿದ್ರೆ ನಾನೇ ಬರ್ತಿದ್ನಲ್ಲ ಮಾರಾಯ್ರೇ." ಈ ಕಡೆ ಬಂದಿದ್ದೆ, ನಿಮ್ಮ ಬಿ.ಪಿ. ನೋಡೋಣವೆನ್ನಿಸಿತು ಎಂದು ಅವನ ತೋಳಿಗೆ ಪಟ್ಟಿ ಸುತ್ತಿದೆ. ಮನೆಗೆ ನಾಲ್ಕು ಕಾಫಿ ಸಸಿ ಬೇಕಿತ್ತು ಎಂದು ಜೈಬುನ್ನಕ್ಕ ನರ್ಸರಿಯ ಕಡೆ ನಡೆದರು. ಅವರ ಮನೆ ಇರುವುದು ಪೇಟೆ ನಡುವೆ, ಸಸಿ ನೆಡಲು ಅಂಗೈಯಗಲ ಜಾಗವಿಲ್ಲ. ಬಿ.ಪಿ. ನೋಡಿಯಾದ ಮೇಲೆ, ಅವರು ಆರಿಸುವುದು ಮುಗಿಯಿತೋ ಇಲ್ಲವೋ ನೋಡಿ ಬರುತ್ತೇನೆಂದು ನಾನೂ ಅತ್ತ ಹೋದೆ.

ಕಮಲ ಸಸಿಗಳ ನಡುವೆ ಮಣ್ಣು ಕೈಯಲ್ಲಿ ನಿಂತಿದ್ದಳು. ಜೈಬುನ್ನಕ್ಕ ಅವಳ ಹೆಗಲ ಮೇಲೆ ಕೈಯಿಟ್ಟಿದ್ದರು. ನಾನು ಸುತ್ತಿಬಳಸಲಿಲ್ಲ. "ಕೆಟ್ಟದೇ ಬಂದಿದೆ ಕಮಲಮ್ಮ. ಆದ್ರೆ ಚಿಕ್ಕದಿರೋವಾಗಲೇ ಸಿಕ್ಕಿದೆ, ಆಪರೇಷನ್ ಆದ್ರೆ ವಾಸಿ ಆಗೋ ಅಂಥದ್ದು. ಇನ್ನೊಂದು ವಿಷಯ. ಇದು ಬಂದು ಹನ್ನೆರಡು ದಿನ ಆಗಿದೆ. ನಾನು ನೋಡಲಿಲ್ಲ. ತಪ್ಪು ನಂದು" ಎಂದೆ.

ಅವಳು ಕೈಯ ಮಣ್ಣನ್ನು ಸೆರಗಿಗೆ ಉಜ್ಜಿಕೊಂಡಳು. "ಫೋನ್ ಬರೋಗಂಟ ನೆಮ್ಮದಿಯಾಗಿರು ಅಂದಿದ್ರಲ್ಲ ಡಾಕ್ಟ್ರೇ. ಅದ್ಕೇ ನೆಮ್ಮದಿಯಾಗೇ ಇದ್ದೆ" ಎಂದಳು. ಅಷ್ಟೇ. ಒಂದು ಮಾತು ಬಯ್ಯಲಿಲ್ಲ. ಆಮೇಲೆ, "ಯಾವಾಗ ಹೋಗ್ಬೇಕು?" ಎಂದು ಕೇಳಿದಳು.

ಮಾರನೇ ದಿನ ಬೆಳಿಗ್ಗೆ ಜೈಬುನ್ನಕ್ಕನೇ ಜೊತೆಯಲ್ಲಿ ಮಂಗಳೂರಿಗೆ ಹೋದರು. ದೇವರ ದಯೆ, ಘಾಟಿ ತೆರೆದಿತ್ತು. ಅದೇ ವಾರ ಶಸ್ತ್ರಚಿಕಿತ್ಸೆಯಾಯಿತು. ಹನ್ನೆರಡು ದಿನದಿಂದ ಏನೂ ಕೆಟ್ಟಿಲ್ಲ ಎಂದು ಸರ್ಜನ್ ನನಗೆ ಫೋನಿನಲ್ಲಿ ಎರಡು ಸಲ ಹೇಳಿದರು. ಎರಡು ಸಲವೂ ನಾನೇ ಹೇಳಿಸಿದ್ದು.

ಇಷ್ಟು ಕೇಳಿ ನೀವು, ಈ ಮನುಷ್ಯ ಕಂಪ್ಯೂಟರನ್ನು ಇರುವೆಗಳಿಗೆ ಒಪ್ಪಿಸಿ ಹಳೇ ಯಂತ್ರ ಹುಡುಕಿಕೊಂಡು ಹೋದ ಎಂದುಕೊಂಡರೆ ತಪ್ಪು. ಕೆಟ್ಟು ಬುದ್ಧಿ ಕಲಿತವನು ನಾನು, ಬುದ್ಧಿಯೇ ಕೆಟ್ಟವನಲ್ಲ. ಫ್ಯಾಕ್ಸು ಇವತ್ತಿಗೂ ಕಂಪ್ಯೂಟರಿಗೇ ಬರುತ್ತದೆ. ಅಕ್ಷರ ಮಾಸುವುದಿಲ್ಲ, ಮೊದಲ ದಿನ ಬಂದದ್ದನ್ನು ಕೇಳಿದರೂ ಕ್ಷಣದಲ್ಲಿ ತೆಗೆದುಕೊಡುತ್ತದೆ. ಆದರೆ ಫೋನ್ ನಂಬರ್ ನೋಡಿ ತಾನೇ ತಾನಾಗಿ ಎಲ್ಲಿಯೂ ಸೇರಿಸುವಂತಿಲ್ಲ. ಪ್ರತಿ ರೋಗಿಗೂ ನಮ್ಮದೇ ಒಂದು ಸಂಖ್ಯೆ, ಅದು ಮಂಗಳೂರಿಗೆ ಹೋಗುವ ಚೀಟಿಯ ಮೇಲೂ ಇರುತ್ತದೆ. ಪ್ರತಿ ವರದಿಯೂ ನನ್ನ ಕಣ್ಣ ಮುಂದೆ ಹಾದೇ ಕಡತ ಸೇರಬೇಕು. ಜಲಪಾತ ಈಗ ನಮ್ಮ ಮನೆಯ ಅಟ್ಟದಲ್ಲಿದೆ. ಅದಿದ್ದ ಜಾಗದಲ್ಲಿ ಕಿಟಕಿಯಿಂದ ಮೊಳೆಯವರೆಗೆ ಮತ್ತೆ ಹಗ್ಗ. ಬಂದ ವರದಿಯನ್ನು ಅಚ್ಚು ಹಾಕಿ ಅದರದೇ ಕ್ಲಿಪ್ಪಿಗೆ ಸಿಕ್ಕಿಸುತ್ತೇವೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಡಾಕ್ಟರೇ ಮರೆತರೆ ಹೇಗೆ ಹೇಳಿ?

ಸಂಜೆ ಬಾಗಿಲು ಹಾಕುವ ಮುಂಚೆ ನಾನು ಪರದೆಯ ಮುಂದೆ ಕೂರುತ್ತೇನೆ, ಜೈಬುನ್ನಕ್ಕ ಹಗ್ಗದ ಮುಂದೆ ನಿಲ್ಲುತ್ತಾರೆ. ಬಂದದ್ದನ್ನು ನಾನು ಓದುತ್ತೇನೆ, ಬಾರದ್ದನ್ನು ಅವರು ಓದುತ್ತಾರೆ. ಎರಡೂ ತಾಳೆಯಾದ ಮೇಲೆ ದೀಪ ಆರಿಸುವುದು. ಮೂರು ದಿನ ಮೀರಿ ಖಾಲಿ ಉಳಿದ ಕ್ಲಿಪ್ಪಿದ್ದರೆ ಮಂಗಳೂರಿಗೆ ಫೋನ್ ಹೋಗುತ್ತದೆ. ಆ ಫೋನು ಮುಗಿಯುವವರೆಗೆ ನಾನು ಕೂರುವುದಿಲ್ಲ. ಬೇಕೆಂದು ನಿಂತದ್ದಲ್ಲ, ಒಂದು ಸಂಜೆ ನೋಡಿಕೊಂಡಾಗ ನಿಂತಿದ್ದೆ. ಅಪ್ಪನ ಹಾಗೇ ಒಂದು ಕೈ ಮೇಜಿನ ಮೇಲಿತ್ತು.

ಮೊನ್ನೆಯ ಭಾನುವಾರಕ್ಕೆ ಮುಂಚಿನ ವಾರ ಕಮಲ ವರ್ಷದ ತಪಾಸಣೆಗೆ ಬಂದಿದ್ದಳು. ಮತ್ತೆ ಮಂಗಳೂರಿಗೆ ಪರೀಕ್ಷೆ, ಮತ್ತೆ ಹಗ್ಗದ ಮೇಲೆ ಅದೇ ಕೆಂಪು ಕ್ಲಿಪ್ಪು. ಎರಡನೇ ದಿನ ವರದಿ ಬಂತು. ಏನೂ ಇಲ್ಲ, ಶುದ್ಧ. ಆ ಒಳ್ಳೆಯ ಸುದ್ದಿಯನ್ನೂ ನಾನು ಫೋನಿನಲ್ಲಿ ಹೇಳಲಿಲ್ಲ, ಬರಹೇಳಿ ಎದುರಿಗೆ ಕೂರಿಸಿ ಹೇಳಿದೆ. ಅವಳು ಎದ್ದು ಹೊರಗೆ ಹೋದಳು. ಕಣ್ಣೊರೆಸಿಕೊಳ್ಳಲು ಹೋದಳೆಂದುಕೊಂಡೆ. ಹಗ್ಗದ ಹತ್ತಿರ ಹೋಗಿ, ಜೈಬುನ್ನಕ್ಕ ನೋಡನೋಡುತ್ತಿದ್ದಂತೆ ತನ್ನ ಕ್ಲಿಪ್ಪನ್ನು ತಾನೇ ಬಿಚ್ಚಿಕೊಂಡು ಒಳಗೆ ಬಂದು ನನ್ನ ಕೋಟಿನ ಜೇಬಿಗೆ ಹಾಕಿದಳು.

"ಅಕ್ಕನ ಚೀಲ್ದಲ್ಲಿ ಇದ್ದಿದ್ಕೆ ನಾನು ಉಳ್ಕಂಡೆ. ಇನ್ಮೇಲೆ ಇದು ನಿಮ್ಮ ಜೇಬಲ್ಲಿರ್ಲಿ ಡಾಕ್ಟ್ರೇ" ಎಂದಳು, ನಗುತ್ತಾ.

"ಬಟ್ಟೆ ಕ್ಲಿಪ್ಪುಗಳ ಜೊತೆ ಸೇರಿಸಲಾ?" ಎಂದು ಹೆಂಡತಿ ಕೇಳಿದಳು, ಇಷ್ಟೆಲ್ಲ ಕೇಳಿದ ಮೇಲೆ, ಸ್ವಲ್ಪ ಮೆತ್ತಗಾಗಿ. ಬೇಡವೆಂದೆ. ಸೋಮವಾರ ಬೆಳಿಗ್ಗೆ ಇಸ್ತ್ರಿಯಾಗಿ ಬಂದ ಕೋಟಿನ ಜೇಬಿಗೆ ಕೈಹಾಕಿದಾಗ ಅದು ಬೆರಳಿಗೆ ಚುಚ್ಚಿತು. ಹೆಂಡತಿಯೇ ಮರಳಿ ಹಾಕಿಟ್ಟಿದ್ದಳು.